ಕಾರ್ಟೂನ್ ಚಾನೆಲ್‌ಗಳು ಹಳೆಯ ಕಾರ್ಯಕ್ರಮಗಳಿಗೇ ಮರಳುತ್ತಿರುವುದು ದಾರಿ ತಪ್ಪಿದ್ದರ ಲಕ್ಷಣವೇ?

ಮರುಪ್ರಸಾರವೊಂದನ್ನೇ ನೋಡಿ ಹಾಗೆ ಹೇಳಲಾಗದು. ಅಮೆರಿಕದ ಟಿವಿ ಸಂಸ್ಥೆ ಟರ್ನರ್ 1991ರಲ್ಲಿ ಹ್ಯಾನಾ-ಬಾರ್ಬೆರಾ ಸ್ಟುಡಿಯೊವನ್ನು ಕೊಂಡು, ಆ ಹಳೆಯ ಚಿತ್ರಗಳ ಭಂಡಾರವನ್ನು ನೆಚ್ಚಿಕೊಂಡೇ 1992ರ ಅಕ್ಟೋಬರ್ 1ರಂದು ಕಾರ್ಟೂನ್ ನೆಟ್‌ವರ್ಕ್ ಆರಂಭಿಸಿತು. ಆದರೆ ಆ ಗಳಿಕೆ ಹೊಸ ಸೃಷ್ಟಿಗೆ ಆಸರೆಯಾಯಿತು: 1996ರಲ್ಲಿ 'ಡೆಕ್ಸ್‌ಟರ್ಸ್ ಲ್ಯಾಬೊರೇಟರಿ' ಬಂತು, ಹಳೆಯವುಗಳಿಗೆಂದೇ 2000ದಲ್ಲಿ ಬೂಮರಾಂಗ್ ಎಂಬ ಪ್ರತ್ಯೇಕ ಚಾನೆಲ್ ಹುಟ್ಟಿತು. ಅಂದು ಹಳೆಯದು ಬುನಾದಿಯಾಗಿತ್ತು. ಇಂದು ಅದೇ ಆಶ್ರಯವಾಗಿದೆ, ನನಗೆ ನೋವಾಗುವುದು ಇದೇ.

ಕಾರಣ ಸ್ಪಷ್ಟ. ಮಡಿಕೇರಿಯ ನಮ್ಮ ಮನೆಯಲ್ಲಿ ಕಕ್ಕಡ ಮಾಸದ ಮಳೆಗೆ ಡಿಶ್‌ನ ಸಿಗ್ನಲ್ ಹೋದೊಡನೆ ಅಣ್ಣನ ಮಗಳು ಮೊಬೈಲ್ ಹಿಡಿದು ಒಲೆಯ ಪಕ್ಕ ಕೂರುತ್ತಾಳೆ, ಚಿತ್ರ ಮರಳಿ ಬಂದರೂ ಟಿವಿಯತ್ತ ತಿರುಗುವುದಿಲ್ಲ. ಮಕ್ಕಳು ಹೀಗೆ ಬಿಟ್ಟುಹೋದಂತೆ ಜಾಹೀರಾತಿನ ಆದಾಯ ಕುಗ್ಗುತ್ತದೆ, ದುಬಾರಿಯಾದ ಹೊಸ ಅನಿಮೇಷನ್‌ಗೆ ಹಣ ಹೊಂದುವುದಿಲ್ಲ, ಕೈಯಲ್ಲಿರುವ ಹಳೆಯ ಸರಣಿಗಳೇ ಅಗ್ಗವೆನಿಸುತ್ತವೆ. ಅಮೆರಿಕದಲ್ಲಿ ಕಾರ್ಟೂನ್ ನೆಟ್‌ವರ್ಕ್‌ನ ವಯಸ್ಕರ ವಿಭಾಗವಾದ ಅಡಲ್ಟ್ ಸ್ವಿಮ್ 2023ರ ಆಗಸ್ಟ್‌ನಲ್ಲಿ 'ಚೆಕರ್ಡ್ ಪಾಸ್ಟ್' ಎಂಬ ಹೆಸರಿನಡಿ ಹಳೆಯ ಸರಣಿಗಳನ್ನು ಮರಳಿ ತಂದಾಗ ಅದು ಕರೆದದ್ದು ಮಕ್ಕಳನ್ನಲ್ಲ, ಅಂದು ಮಕ್ಕಳಾಗಿದ್ದ ನಮ್ಮಂಥವರನ್ನು. ನಾನೂ ಅವನ್ನು ಪ್ರೀತಿಯಿಂದಲೇ ನೋಡುತ್ತೇನೆ. ಆದರೆ ಅಣ್ಣನ ಮಗಳಿಗೆ ತನ್ನದೆನ್ನಬಹುದಾದ ಕಾರ್ಟೂನನ್ನು ಆ ಪ್ರಸಾರ ಕೊಡುವುದಿಲ್ಲ.