ಬಸಳೆ ಪೆಟ್ಟಿಗೆಗೆ ಪ್ಲೈ ಬೇಡ ಅಕ್ಕಾ

ಅಕ್ಕಾ, ಠಾಣೆಯಲ್ಲಿ ಆರನೇ ಮಹಡಿಯ ಬಾಲ್ಕನಿಗೆ ನಾಲ್ಕಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಆಳದ ಪೆಟ್ಟಿಗೆ ಬೇಕು, ಹರಿವೆ ಮತ್ತು ಬಸಳೆ ಬೆಳೆಸೋಕೆ, ಬಡಗಿ ಮರೀನ್ ಪ್ಲೈ (ನೀರಿಗೆ ಬಿಡದ ಅಂಟಿನ ಪ್ಲೈವುಡ್) ಹಾಕೋಣ ಅಂತಿದ್ದಾನೆ ಅಂದ್ರಿ. ಪ್ಲೈ ಸುದ್ದಿ ಆಮೇಲೆ. ಮೊದಲು ತೂಕ ನೋಡಿ.

ಆ ಅಳತೆಗೆ ಸುಮಾರು 340 ಲೀಟರ್ ಮಣ್ಣು ಹಿಡಿಯುತ್ತದೆ. ನೀರು ಕುಡಿದ ಮಣ್ಣು ಲೀಟರಿಗೆ ಒಂದೂವರೆ ಕಿಲೋ ಅಂತಿಟ್ಟುಕೊಂಡರೂ 500 ಕಿಲೋ ದಾಟಿತು, ಅದೂ ಮುಕ್ಕಾಲು ಚದರ ಮೀಟರಿನಲ್ಲಿ. ಮನೆಯ ಬಾಲ್ಕನಿಗೆ ಐಎಸ್ 875, ಅಂದರೆ ಕಟ್ಟಡ ಹೊರಬೇಕಾದ ಭಾರದ ಭಾರತೀಯ ಮಾನದಂಡ, ಹಿಡಿಯುವ ಭಾರ ಚದರ ಮೀಟರಿಗೆ ಕನಿಷ್ಠ 3 ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ 300 ಕಿಲೋ. ಹಾಗಾಗಿ ಪೆಟ್ಟಿಗೆ ಒಂಬತ್ತೇ ಇಂಚು ಆಳ ಇರಲಿ, ಹರಿವೆಗೆ ಧಾರಾಳ. ಮಣ್ಣು ಮೂರರಲ್ಲೊಂದು ಪಾಲು, ಮಿಕ್ಕದ್ದು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ. ಬಸಳೆಗೆ ಬೇರೆ ಚೀಲ ಇಡಿ. ಎಲ್ಲವೂ ಮನೆಯ ಗೋಡೆಗೆ ಒತ್ತಿಕೊಂಡಿರಲಿ, ಹೊರಗಿನ ಅಂಚಿಗೆ ಬೇಡ. ಹೊರಗೆ ಚಾಚಿದ ಕಬ್ಬಿಣದ ಬಾಕ್ಸ್ ಗ್ರಿಲ್ ಮೇಲಂತೂ ಬೇಡವೇ ಬೇಡ.

ಈಗ ಪ್ಲೈ. ನಾನೂ ಮಾಡಿಸಿದ್ದೆ. ಎರಡನೇ ಮಳೆಗಾಲಕ್ಕೆ ಅಂಚಿನಲ್ಲಿ ಬಿಳಿ ಅಣಬೆ ಎದ್ದಿತು. ಸ್ಕ್ರೂ ಮುಟ್ಟಿದರೆ ಚಹಾದಲ್ಲಿ ನೆನೆದ ರಸ್ಕಿನಂಥ ಮರದ ಹಿಟ್ಟಿನ ಸಮೇತ ಬೆರಳಿಗೇ ಬಂತು! ಅದರ ಅಂಟು ನೀರಿಗೆ ಜಗ್ಗುವುದಿಲ್ಲ, ನಿಜ. ಆದರೆ ಕೊಯ್ದ ಅಂಚಿನಿಂದ ತೇವ ಒಳಗಿಳಿದರೆ ಮರ ಕೊಳೆಯದೆ ಇರುತ್ತದೆಯೇ? ಮೇಲಾಗಿ ಹುಳ ಹಿಡಿಯದಂತೆ ಅದಕ್ಕೆ ಔಷಧಿ ಹೊಡೆದಿರುತ್ತಾರೆ. ತಿನ್ನುವ ಸೊಪ್ಪಿಗೆ ಯಾಕೆ ಬೇಕು?

ಮರವೇ ಬೇಕೆಂದರೆ ಹಳೇ ಚಾಳು (ಸಾಲುಮನೆ ಕಟ್ಟಡ) ಕೆಡವಿದಾಗ ಬರುವ ಸಾಗುವಾನಿ ಚೌಕಟ್ಟು ಹುಡುಕಿ. ಜೋಗೇಶ್ವರಿಯ ಓಶಿವಾರಾದ ಹಳೇ ಮರದ ಸಾಮಾನಿನ ಬಜಾರಿನ ಕಡೆ ಒಂದು ಸುತ್ತು ಹಾಕಿ ಬನ್ನಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಬಣ್ಣ ಇರುವ ತುಂಡು ಬಿಟ್ಟುಬಿಡಿ. ಸರಕು ಸಾಗಿಸುವ ಪ್ಯಾಲೆಟ್ ಹಲಗೆಯ ಮರ ಅಗ್ಗ. ಅದರ ಮುದ್ರೆಯಲ್ಲಿ ಎಚ್‌ಟಿ ಅಂತಿದ್ದರೆ ಬಿಸಿ ಕೊಟ್ಟದ್ದು, ತಗೊಳ್ಳಿ. ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟದ್ದು, ಬೇಡ. ಸ್ಕ್ರೂ ಮಾತ್ರ ತುಕ್ಕು ಹಿಡಿಯದ ಸ್ಟೀಲಿನದೇ ಹಾಕಿಸಿ.

ನನ್ನನ್ನು ಕೇಳಿದರೆ, ಒಳಗೆ ಎಚ್‌ಡಿಪಿಇ ಗ್ರೋ ಬ್ಯಾಗ್ (ಗಿಡ ಬೆಳೆಸುವ ಗಟ್ಟಿ ಪ್ಲಾಸ್ಟಿಕ್ ಚೀಲ), ಚಂದಕ್ಕೆ ಹೊರಗೊಂದು ಮರದ ಚೌಕಟ್ಟು. ಮಣ್ಣು ಮರಕ್ಕೆ ತಾಗುವುದಿಲ್ಲ, ಬ್ಯಾಗ್ ಹರಿದರೆ ಅದೊಂದನ್ನೇ ಬದಲಾಯಿಸಿದರಾಯಿತು. ಸಿಮೆಂಟ್ ಕುಂಡ ಖಾಲಿ ಇದ್ದಾಗಲೇ ಎತ್ತಲಾಗದು. ಮಣ್ಣಿನ ಕುಂಡಕ್ಕೆ ಮೇ ತಿಂಗಳಲ್ಲಿ ದಿನಕ್ಕೆರಡು ಸಲ ನೀರು ಬೇಕು. ಮೀನು ಮಾರುವವರ ಥರ್ಮೋಕೋಲ್ ಡಬ್ಬಿಯಲ್ಲಿ ನನಗೆ ಹರಿವೆ ಚೆನ್ನಾಗಿಯೇ ಬಂತು, ಆದರೆ ಒಂದು ವಾರ ಸೊಸೈಟಿಯ ಬೆಕ್ಕುಗಳೆಲ್ಲ ಕಾವಲಿಗೆ ಕೂತಿದ್ದವು. ಬಿಸಿಲಿಗೆ ಅದು ಉದುರುತ್ತದೆ ಕೂಡ.

ಕೆಳಗೆ ನಾಲ್ಕು ಇಟ್ಟಿಗೆ ಕೊಟ್ಟು ಎತ್ತರಿಸಿ, ತೂತಿನ ನೀರು ಬಾಲ್ಕನಿಯ ಮೋರಿಗೇ ಹೋಗುವ ಹಾಗೆ ಮಾಡಿ. ಇಲ್ಲದಿದ್ದರೆ ಜೂನ್ ಮೊದಲ ವಾರವೇ ಐದನೇ ಮಹಡಿಯವರು ಬಾಗಿಲು ತಟ್ಟುತ್ತಾರೆ. ಬಸಳೆ ದಂಟು ನನ್ನಲ್ಲಿ ಬೇಕಾದಷ್ಟಿದೆ, ಕೆಂಪೂ ಉಂಟು. ಭಾನುವಾರ ಮುಲುಂಡ್ ಸ್ಟೇಷನ್ ಕಡೆ ಬಂದರೆ ಕೊಡ್ತೇನೆ.