ಬ್ಲೂಸ್ ಸ್ಕೇಲ್ ಬಾಯಿಪಾಠ ಆಯಿತು, ಮುಂದೇನು?

ಪ್ರಶ್ನೆ: ಆರು ವರ್ಷ ಹಾರ್ಮೋನಿಯಂ ಕಲಿತಿದ್ದೇನೆ. ಈಗ ಹುಬ್ಬಳ್ಳಿಯ ಗೆಳೆಯರ ಜೊತೆ ಕೀಬೋರ್ಡಿನಲ್ಲಿ ಜಾಝ್ ನುಡಿಸಲು ಹೊರಟಿದ್ದೇನೆ. ಬ್ಲೂಸ್ ಸ್ಕೇಲ್ ಬಾಯಿಪಾಠ ಆಗಿದೆ. ಆದರೆ ನನ್ನ ಸೋಲೊ (ಒಬ್ಬರೇ ನುಡಿಸುವ ಭಾಗ) ಏಣಿ ಹತ್ತಿ ಇಳಿದ ಹಾಗೆ ಕೇಳಿಸುತ್ತದೆ. ನಡುವೆ ಯಾವ ಬಾರ್‌ನಲ್ಲಿದ್ದೇನೆ (ತಾಳದ ಯಾವ ಖಂಡದಲ್ಲಿದ್ದೇನೆ) ಅನ್ನೋದೂ ತಪ್ಪಿಹೋಗುತ್ತದೆ. ಮುಂದೆ ಯಾವ ಸ್ಕೇಲ್ ಕಲಿಯಲಿ?
– ಓದುಗರೊಬ್ಬರು, ಸಪ್ತಾಪುರ, ಧಾರವಾಡ

ಉತ್ತರ: ಹೊಸ ಸ್ಕೇಲ್ ಸದ್ಯಕ್ಕೆ ಬೇಡ. ನಿಮಗೆ ಬೇಕಾದ ಸ್ವರಗಳೆಲ್ಲ ಹಾರ್ಮೋನಿಯಂ ಕಲಿಯುವಾಗಲೇ ಕೈಗೆ ಬಂದಿವೆ.

ಬಿಳಿ ಒಂದನ್ನು, ಅಂದರೆ ಸಿ ಸ್ವರವನ್ನು, ಸಾ ಮಾಡಿಕೊಳ್ಳಿ. ಸಾ, ಕೋಮಲ ಗ, ಮ, ಪ, ಕೋಮಲ ನಿ (ಕೋಮಲ ಅಂದರೆ ಶುದ್ಧ ಸ್ವರಕ್ಕಿಂತ ಒಂದು ಕೀ ಕೆಳಗೆ, ತೀವ್ರ ಅಂದರೆ ಒಂದು ಕೀ ಮೇಲೆ). ಧಾನಿ ರಾಗದ ಸ್ವರಗಳೇ ಅಲ್ವಾ? ಇದಕ್ಕೆ ತೀವ್ರ ಮ ಸೇರಿದರೆ ಬ್ಲೂಸ್ ಸ್ಕೇಲ್. ಬ್ಲೂಸ್‌ನ ಒಂದು ಸುತ್ತಿಗೆ ಹನ್ನೆರಡು ಬಾರ್. ಆ ಹನ್ನೆರಡೂ ಬಾರ್‌ಗೆ ಇದನ್ನೇ ನುಡಿಸಿದರೆ ತಪ್ಪೇನಿಲ್ಲ. ಆದರೆ ಕೆಳಗೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾದದ್ದು ಸೋಲೊದಲ್ಲಿ ಗೊತ್ತೇ ಆಗುವುದಿಲ್ಲ. ಏಣಿ ಹತ್ತಿಳಿದಂತೆ ಕೇಳಿಸುವುದು ಅದಕ್ಕೇ.

ಮೊದಲು ಲೆಕ್ಕ. 12 ಬಾರ್, ಬಾರ್‌ಗೆ 4 ಮಾತ್ರೆ, ಒಟ್ಟು 48. ತೀನ್‌ತಾಲದ ಮೂರು ಆವರ್ತನ (16 ಮಾತ್ರೆಯ ಮೂರು ಸುತ್ತು) ಅಂದುಕೊಳ್ಳಿ. ಮೊದಲನೆಯದು ಪೂರ್ತಿ ಸಿ7 ಕಾರ್ಡ್. ಎರಡನೆಯದು ಅರ್ಧ ಎಫ್7, ಅರ್ಧ ಸಿ7. ಮೂರನೆಯದರಲ್ಲಿ ಒಂದು ಬಾರ್ ಜಿ7, ಒಂದು ಬಾರ್ ಎಫ್7, ಉಳಿದೆರಡು ಸಿ7. ಇದಕ್ಕೆ ಕೀಬೋರ್ಡೂ ಬೇಡ. ಹುಬ್ಬಳ್ಳಿಗೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಾ ಕಾರ್ಡಿನ ಹೆಸರು ಹೇಳಿಕೊಳ್ಳಿ. ಪಕ್ಕದವರು ಒಂದು ನಮೂನಿ ನೋಡಬಹುದು, ನೋಡಲಿ.

ಇನ್ನು ಕೈಗೆ ಕೆಲಸ. ಎಡಗೈಯಲ್ಲಿ ಎರಡೇ ಸ್ವರ ಒತ್ತಿ: ಶುದ್ಧ ಗ, ಕೋಮಲ ನಿ. ಸಿ7ರ ಜೀವ ಈ ಎರಡರಲ್ಲೇ ಇದೆ. ಎಫ್7 ಬಂದಾಗ ಎರಡೂ ಬೆರಳು ಒಂದೊಂದು ಕೀ ಕೆಳಗಿಳಿಯಲಿ: ಕೋಮಲ ಗ, ಧ. ಸಿ7ರಿಂದ ಜಿ7ಗೆ ಎರಡೂ ಒಂದೊಂದು ಕೀ ಮೇಲೇರಲಿ: ಮ, ಶುದ್ಧ ನಿ. ಅಷ್ಟೇ.

ನಿಮ್ಮ ಭಾಷೆಯಲ್ಲೇ ಹೇಳುವುದಾದರೆ ಸಾ ಅಲ್ಲೇ ಇರುತ್ತದೆ, ಥಾಟ್ (ಏಳು ಸ್ವರಗಳ ಚೌಕಟ್ಟು) ಬದಲಾಗುತ್ತದೆ. ಸಿ7ಗೆ ಖಮಾಜ್, ಎಫ್7ಗೆ ಕಾಫಿ, ಜಿ7ಗೆ ಬಿಲಾವಲ್. ಬರೀ ಸ್ವರಗಳ ಮಾತು ಇದು, ರಾಗದ ಚಲನ್ (ನಡೆ) ಅಲ್ಲ. ಗುರುಗಳ ಮುಂದೆ ಹೇಳಿ ಬೈಸಿಕೊಳ್ಳಬೇಡಿ.

ಎಲ್ಲಕ್ಕಿಂತ ಮುಖ್ಯ ಐದನೇ ಬಾರ್‌ನ ಮೊದಲ ಮಾತ್ರೆ. ಅಲ್ಲಿ ಬಲಗೈ ಕೋಮಲ ಗದ ಮೇಲೆ ಬಂದು ಕೂತರೆ ಕೇಳುವವರಿಗೆ ಕಾರ್ಡ್ ಬದಲಾದದ್ದು ತಾನಾಗಿ ತಿಳಿಯುತ್ತದೆ. ನಾನು ಮೊದಲ ಸಲ ನಾಲ್ಕು ಜನರ ಮುಂದೆ ನುಡಿಸಿದಾಗ ಅದೇ ಜಾಗದಲ್ಲಿ ಶುದ್ಧ ಗ ಹಿಡಿದು ನಿಂತುಬಿಟ್ಟೆ. ಬಾಸ್ ನುಡಿಸುತ್ತಿದ್ದ ಗೆಳೆಯ ತಿರುಗಿ ನೋಡಿದ್ದು ಇವತ್ತಿಗೂ ನೆನಪಿದೆ.

ಬ್ಲೂಸ್ ಹಾಡುವವರ ಗ ಎಷ್ಟೋ ಸಲ ಕೋಮಲಕ್ಕೂ ಶುದ್ಧಕ್ಕೂ ನಡುವೆ ಎಲ್ಲೋ ಇರುತ್ತದೆ. ಗಿಟಾರ್‌ನವರು ತಂತಿ ಎಳೆದು ಅದನ್ನು ಹಿಡಿಯುತ್ತಾರೆ, ಕೀಬೋರ್ಡಿನಲ್ಲಿ ನಿಮಗೆ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಎಳೆಯುವುದು, ಇಲ್ಲ. ಸಿ7 ನಡೆಯುತ್ತಿರುವಾಗ ಕರಿ ಕೀ ಮೇಲಿನ ಬೆರಳನ್ನು ಎತ್ತದೆ ಪಕ್ಕದ ಬಿಳಿ ಕೀಗೆ ಜಾರಿಸಿ. ಕೋಮಲ ಗ ಕಣದ ಹಾಗೆ ತಾಗಿ ಶುದ್ಧ ಗಕ್ಕೆ ಬೀಳುತ್ತದೆ. ಇಷ್ಟು ಮಾಡಿದರೂ ಹಾರ್ಮೋನಿಯಂ ವಾಸನೆ ಅರ್ಧ ಹೋಗುತ್ತದೆ.

ಜಾಝ್‌ನವರು ಇದೇ 12 ಬಾರ್‌ಗೆ ಇನ್ನಷ್ಟು ಕಾರ್ಡ್ ತುಂಬುತ್ತಾರೆ. ಎರಡನೇ ಬಾರ್‌ನಲ್ಲೇ ಎಫ್7, ಎಂಟರಲ್ಲಿ ಎ7, ಒಂಬತ್ತರಲ್ಲಿ ಡಿ ಮೈನರ್ 7, ಹತ್ತರಲ್ಲಿ ಜಿ7. ಎ7 ಬಂದಾಗ ಕೋಮಲ ರೇ ಕೂಡ ಬೇಕಾಗುತ್ತದೆ. ಅದಕ್ಕೆ ಅವಸರ ಬೇಡ.

ಸ್ವರ ಜಾಸ್ತಿ ಆಗುತ್ತಿದೆ ಅನ್ನಿಸಿದರೆ ಅಮೆರಿಕದ ಜಾಝ್ ಕಲಾವಿದ ಡ್ಯೂಕ್ ಎಲಿಂಗ್ಟನ್ ಅವರ ‘ಸಿ ಜ್ಯಾಮ್ ಬ್ಲೂಸ್’ ಕೇಳಿ. ಅದರ ಮುಖ್ಯ ಧಾಟಿಯಲ್ಲಿ ಇರುವುದು ಪ, ಸಾ ಎರಡೇ. ಆಮೇಲೆ ನೀವೂ ಎರಡು ಬಾರ್ ನುಡಿಸಿ, ಎರಡು ಬಾರ್ ಸುಮ್ನೆ ಇರಿ. ಕೈ ನಿಂತಾಗಲೂ ಎಣಿಕೆ ನಿಲ್ಲಬಾರದು.