ಸಹಿ ನಿಮ್ಮದೊಂದೇ ಸಾಕು

ಓದುಗರ ಕಾನೂನು ಪ್ರಶ್ನೆಗಳಿಗೆ ಮುಂಬೈ ಹೈಕೋರ್ಟಿನ ಕನ್ನಡದ ವಕೀಲೆಯೊಬ್ಬರು ಉತ್ತರಿಸುವ ಅಂಕಣ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ್ದು, ಗರ್ಭಪಾತದ ಮಾತ್ರೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಮೂರಕ್ಕೇ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಕುಂದಾಪುರದ ಕಡೆ. ಡೊಂಬಿವಲಿಗೆ ಬಂದು ಬಹಳ ವರ್ಷ ಆಯಿತು. ಮಗಳು ಅಳಿಯ ಅಮೆರಿಕದ ಡಲ್ಲಾಸ್‌ನಲ್ಲಿದ್ದಾರೆ. ಮಗಳಿಗೆ ಈಗ ಮೂರು ತಿಂಗಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಮಗು ಹೊಟ್ಟೆಯಲ್ಲೇ ಬೆಳೆಯುವುದು ನಿಂತಿತ್ತು. ಆಗ ಇಲ್ಲಿಯ ಡಾಕ್ಟರು ಮಾತ್ರೆ ಕೊಟ್ಟೇ ಹೊಟ್ಟೆ ಖಾಲಿ ಮಾಡಿಸಿದ್ದರು. ಆ ಮಾತ್ರೆಯನ್ನು ಅಮೆರಿಕದ ಕೋರ್ಟು ಬಂದ್ ಮಾಡಿದೆ ಅಂತ ಕೇಳಿ ನಿದ್ದೆ ಬರುತ್ತಿಲ್ಲ. ಬಾಣಂತನಕ್ಕೆ ಹೋಗುವಾಗ ಒಂದು ಪ್ಯಾಕೆಟ್ ಬ್ಯಾಗಿನಲ್ಲಿ ಇಟ್ಟುಕೊಳ್ಳಲೇ?
ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಬೇಡಮ್ಮ. ಖಂಡಿತ ಬೇಡ. ನೀವು ಅಲ್ಲಿಗೆ ಹೋಗುವ ಹೊತ್ತಿಗೆ ಮಗಳಿಗೆ ಏಳೋ ಎಂಟೋ ತಿಂಗಳಾಗಿರುತ್ತದೆ. ಆಗ ಈ ಮಾತ್ರೆಯನ್ನು ಮನೆಯಲ್ಲಿ ಮುಟ್ಟುವುದೂ ಅಪಾಯ. ಅದೂ ಅಲ್ಲದೆ ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯಕ್ಕೆ ಈ ಮಾತ್ರೆ ತರುವವರ ಮೇಲೆ, ಕೊಡುವವರ ಮೇಲೆ ಅಲ್ಲಿಯ ಸರ್ಕಾರ ಕಣ್ಣಿಟ್ಟಿದೆ. 2025ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಅಂಥವರ ಮೇಲೆ ಸಾಮಾನ್ಯ ಜನರೂ ದಾವೆ ಹಾಕಬಹುದು. ಮಾತ್ರೆ ತೆಗೆದುಕೊಂಡ ಹೆಂಗಸಿನ ಮೇಲಲ್ಲ, ಒದಗಿಸಿದವರ ಮೇಲೆ. ಆ ಜಾಗದಲ್ಲಿ ನೀವು ನಿಲ್ಲುವುದು ಬೇಡ.

ಇನ್ನು ಕೋರ್ಟಿನ ಸುದ್ದಿ. ನೀವು ಕೇಳಿದ್ದು ಅರ್ಧ ನಿಜ. ಮಿಫೆಪ್ರಿಸ್ಟೋನ್ ಅಂತ ಆ ಮಾತ್ರೆಯ ಹೆಸರು. ಅಮೆರಿಕದ ಔಷಧ ಇಲಾಖೆ ಎಫ್‌ಡಿಎ 2000ರಲ್ಲೇ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. 2016ರಲ್ಲಿ ಹತ್ತು ವಾರದವರೆಗೆ ಬಳಸಬಹುದು ಅಂದಿತು. 2021ರಲ್ಲಿ ಡಾಕ್ಟರ ಎದುರಿಗೇ ತೆಗೆದುಕೊಳ್ಳಬೇಕು ಅನ್ನುವ ಷರತ್ತು ಸಡಿಲಿಸಿತು. ಆಮೇಲೆ ಅಂಚೆಯಲ್ಲೂ ಮಾತ್ರೆ ಬರತೊಡಗಿತು. ಈ ನಡುವೆ 2022ರ ಜೂನ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಸುಮಾರು ಐವತ್ತು ವರ್ಷ ಇದ್ದ ಗರ್ಭಪಾತದ ಹಕ್ಕನ್ನೇ ತೆಗೆದುಹಾಕಿತು. ನಿರ್ಧಾರ ರಾಜ್ಯಗಳ ಕೈಗೆ ಹೋಯಿತು. ಟೆಕ್ಸಾಸ್ ಹೆಚ್ಚುಕಡಿಮೆ ಪೂರ್ತಿ ನಿಷೇಧ ತಂದಿತು.

ಅದೇ ವರ್ಷ ಕೆಲವು ವೈದ್ಯರ ಸಂಘಟನೆಗಳು ಟೆಕ್ಸಾಸ್‌ನ ಅಮರಿಲೊ ಅನ್ನುವ ಊರಿನ ಕೋರ್ಟಿಗೆ ಹೋದವು. 2000ದ ಒಪ್ಪಿಗೆಯನ್ನೇ ರದ್ದು ಮಾಡಿ ಅನ್ನುವುದು ಅವರ ಬೇಡಿಕೆ. ಇವರಲ್ಲಿ ಯಾರೂ ಈ ಮಾತ್ರೆ ಬರೆದುಕೊಡುವವರಲ್ಲ. 2023ರ ಏಪ್ರಿಲ್ 7ರಂದು ನ್ಯಾಯಾಧೀಶ ಮ್ಯಾಥ್ಯೂ ಕಾಜ್‌ಮ್ಯಾರಿಕ್ ಈ ಸಂಘಟನೆಗಳ ಪರ ಆದೇಶ ಕೊಟ್ಟರು. ಅದೇ ದಿನ ವಾಷಿಂಗ್ಟನ್ ರಾಜ್ಯದ ಇನ್ನೊಬ್ಬ ನ್ಯಾಯಾಧೀಶರು ಮಾತ್ರೆ ಸಿಗುವುದನ್ನು ತಡೆಯಬೇಡಿ ಅಂತ ಎಫ್‌ಡಿಎಗೆ ಹೇಳಿದರು. ಒಂದೇ ದಿನ, ಒಂದೇ ಮಾತ್ರೆ, ಎರಡು ಆದೇಶ. ಎರಡು ವಾರದಲ್ಲಿ ಸುಪ್ರೀಂ ಕೋರ್ಟು ಟೆಕ್ಸಾಸ್ ಆದೇಶಕ್ಕೆ ತಡೆ ಹಾಕಿತು. 2024ರ ಜೂನ್ 13ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಅರ್ಜಿ ತಳ್ಳಿಹಾಕಿದರು.

ಹಾಗಾದರೆ ಗೆದ್ದಂತಾಯಿತಲ್ಲ ಅಂತ ಅನಿಸಬಹುದು. ವಕೀಲೆಯಾಗಿ ನನಗೆ ಸಮಾಧಾನ ಇಲ್ಲ. ಕೋರ್ಟು ಮಾತ್ರೆಯ ಬಗ್ಗೆ ತೀರ್ಪು ಕೊಡಲೇ ಇಲ್ಲ. ನಿಮಗೆ ಇದರಿಂದ ನೇರ ನಷ್ಟ ಏನೂ ಆಗಿಲ್ಲ, ಕೇಸು ಹಾಕುವ ಹಕ್ಕೇ ನಿಮಗಿಲ್ಲ ಅಂತ ಆ ವೈದ್ಯರಿಗೆ ಹೇಳಿ ಮುಗಿಸಿತು. ನಷ್ಟ ಆಗಿದೆ ಅನ್ನುವ ಬೇರೆ ಯಾರಾದರೂ ಬರಲು ಬಾಗಿಲು ತೆರೆದೇ ಉಳಿಯಿತು. ಮಿಸೌರಿ, ಕಾನ್ಸಸ್, ಐಡಾಹೊ ರಾಜ್ಯಗಳು ಅದೇ ವಾದ ಹಿಡಿದು ಕೋರ್ಟಿನಲ್ಲಿವೆ. ಲೂಸಿಯಾನ 2024ರ ಅಕ್ಟೋಬರ್‌ನಿಂದ ಈ ಮಾತ್ರೆಯನ್ನು ನಿಯಂತ್ರಿತ, ಅಂದರೆ ಬೀಗ ಹಾಕಿ ಇಡುವ, ಔಷಧಗಳ ಪಟ್ಟಿಗೇ ಸೇರಿಸಿತು. ಹೆರಿಗೆ ಆದಮೇಲೆ ರಕ್ತ ನಿಲ್ಲದಿದ್ದಾಗ ಕೊಡುವ ಮಿಸೊಪ್ರೊಸ್ಟಾಲ್ ಕೂಡ ಆ ಪಟ್ಟಿಯಲ್ಲಿದೆ. ಆ ಹೊತ್ತಿನಲ್ಲಿ ಬೀಗದ ಕೈ ಹುಡುಕುತ್ತಾ ನಿಂತರೆ ಏನಾಗುತ್ತದೆ ಅಂತ ಸೂಲಗಿತ್ತಿಯರೂ ಹೇಳಬಲ್ಲರು.

ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ. ಹೊಟ್ಟೆಯಲ್ಲಿ ಮಗು ತೀರಿಕೊಂಡಿದ್ದರೆ ಅಥವಾ ಗರ್ಭ ಗರ್ಭಕೋಶಕ್ಕೆ ಬರದೆ ನಾಳದಲ್ಲೇ ನಿಂತಿದ್ದರೆ, ಅದಕ್ಕೆ ಮಾಡುವ ಚಿಕಿತ್ಸೆಯನ್ನು ಟೆಕ್ಸಾಸ್ ಕಾನೂನು ಗರ್ಭಪಾತ ಅನ್ನುವುದಿಲ್ಲ. ಆದರೂ ಆಸ್ಪತ್ರೆಗಳು ಹೆದರಿ ತಡ ಮಾಡಿದ ಉದಾಹರಣೆಗಳಿವೆ. ಅದಕ್ಕೇ 2025ರಲ್ಲಿ ತಾಯಿಯ ಜೀವದ ಬಗ್ಗೆ ಆ ಕಾನೂನಿಗೆ ಸ್ಪಷ್ಟನೆ ಸೇರಿಸಬೇಕಾಯಿತು. ಮಗಳಿಗೆ ಈಗಲೇ ಹೇಳಿ: ಹಳೆಯ ಸ್ಕ್ಯಾನಿಂಗ್ ರಿಪೋರ್ಟು, ಡಿಸ್ಚಾರ್ಜ್ ಚೀಟಿ ಎಲ್ಲ ಅಲ್ಲಿಯ ಡಾಕ್ಟರಿಗೆ ತೋರಿಸಲಿ. ಹೆಚ್ಚುಕಡಿಮೆ ಆದರೆ ನಿಮ್ಮ ಆಸ್ಪತ್ರೆ ಏನು ಮಾಡುತ್ತದೆ ಅಂತ ನೇರವಾಗಿ ಕೇಳಲಿ. ಉತ್ತರ ಹಾರಿಕೆಯದಾದರೆ ಡಾಕ್ಟರನ್ನು ಬದಲಿಸಲು ಇನ್ನೂ ಸಮಯ ಇದೆ. ಪಕ್ಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಈ ನಿಷೇಧ ಇಲ್ಲ ಅನ್ನುವುದೂ ಅಳಿಯನಿಗೆ ಗೊತ್ತಿರಲಿ. ನೀವು ಬ್ಯಾಗಿನಲ್ಲಿ ಹುರಿಹಿಟ್ಟು, ಬಾಣಂತಿ ಮಸಾಲೆ ತೆಗೆದುಕೊಂಡು ಹೋಗಿ.

ಪ್ರಶ್ನೆ: ನನಗೆ 26. ಊರು ಹುಬ್ಬಳ್ಳಿ. ಪುಣೆಯ ಹಿಂಜವಡಿಯಲ್ಲಿ ಕೆಲಸ, ವಾಕಡ್‌ನಲ್ಲಿ ಪಿಜಿ. ಮದುವೆ ಆಗಿಲ್ಲ. ಮುಟ್ಟು ನಿಂತು ಟೆಸ್ಟ್ ಮಾಡಿದಾಗ ಎರಡು ಗೆರೆ ಬಂತು. ಕಾಂಡೋಮ್ ಹರಿದಿತ್ತು. ಮೂರು ಮೆಡಿಕಲ್ ಅಂಗಡಿಯಲ್ಲಿ ಕೇಳಿದೆ, ಮೂವರೂ ‘ನಾಹೀ, ಆಮ್ಹಿ ಠೇವತ್ ನಾಹೀ’ (ಇಲ್ಲ, ನಾವು ಇಟ್ಟುಕೊಳ್ಳುವುದಿಲ್ಲ) ಅಂದರು. ಒಬ್ಬನಂತೂ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಒಂದು ಕ್ಲಿನಿಕ್‌ಗೆ ಹೋದರೆ ಗಂಡನನ್ನೋ ಅಪ್ಪ ಅಮ್ಮನನ್ನೋ ಕರೆದುಕೊಂಡು ಬನ್ನಿ ಅಂದರು. ಕಾನೂನು ಹಾಗೆ ಇದೆಯಾ?
ಹೆಸರು ಬೇಡ, ಪುಣೆ

ಉತ್ತರ: ಇಲ್ಲ. ಹಾಗೆ ಇಲ್ಲವೇ ಇಲ್ಲ. ನಿಮಗೆ ಸಮಯ ಕಡಿಮೆ ಅಂತ ಮೇಲ್‌ನಲ್ಲಿ ಅಂದೇ ಉತ್ತರ ಬರೆದೆ. ನಿಮ್ಮಂತೆ ಬಾಗಿಲು ಬಾಗಿಲು ಸುತ್ತುತ್ತಿರುವವರು ತುಂಬಾ ಜನ ಇದ್ದಾರೆ, ಅವರಿಗಾಗಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ವೈದ್ಯಕೀಯ ಗರ್ಭಪಾತದ ಕಾನೂನು 1971ರದ್ದು. 2021ರಲ್ಲಿ ಅದನ್ನು ತಿದ್ದಿದರು. ಮೊದಲು ಗರ್ಭನಿರೋಧಕ ವಿಫಲವಾದರೆ ಅನ್ನುವ ಕಾರಣ ‘ವಿವಾಹಿತ ಮಹಿಳೆ ಅಥವಾ ಆಕೆಯ ಪತಿ’ಗೆ ಮಾತ್ರ ಇತ್ತು. ಈಗ ಅಲ್ಲಿ ‘ಯಾವುದೇ ಮಹಿಳೆ ಅಥವಾ ಆಕೆಯ ಸಂಗಾತಿ’ ಅಂತ ಇದೆ. ಕಾಂಡೋಮ್ ಹರಿದದ್ದು ಕಾನೂನು ಒಪ್ಪುವ ಕಾರಣವೇ. ಇಪ್ಪತ್ತು ವಾರದವರೆಗೆ ಒಬ್ಬ ನೋಂದಾಯಿತ ಡಾಕ್ಟರ ಅಭಿಪ್ರಾಯ ಸಾಕು. ಮಾತ್ರೆಯಿಂದ ಮಾಡಿಸಿಕೊಳ್ಳುವುದು ಒಂಬತ್ತು ವಾರದ ಒಳಗೆ.

ಈಗ ಒಪ್ಪಿಗೆಯ ಪತ್ರದ ಬಗ್ಗೆ. ಫಾರ್ಮ್ ಸಿ ಅಂತ ಅದರ ಹೆಸರು, ಒಂದೇ ಪುಟ. ಹೆಸರು, ವಯಸ್ಸು, ವಿಳಾಸ, ಕೆಳಗೆ ಸಹಿ. ಹದಿನೆಂಟು ದಾಟಿದವಳ ಸಹಿ ಮಾತ್ರ. ‘ಇಂಥವರ ಮಗಳು ಅಥವಾ ಹೆಂಡತಿ’ ಅಂತ ಬರೆಯುವ ಗೆರೆ ಇದೆ, ಆದರೆ ಗಂಡನ ಸಹಿಯಾಗಲಿ ಅಪ್ಪನ ಸಹಿಯಾಗಲಿ ಬೇಕಿಲ್ಲ. ಪೋಷಕರ ಸಹಿ ಬೇಕಾಗುವುದು ಹದಿನೆಂಟರ ಒಳಗಿನವರಿಗೆ ಮತ್ತು ಮಾನಸಿಕ ಕಾಯಿಲೆ ಇರುವವರಿಗೆ. ಸಹಿ ಹಾಕಿದ ಮೇಲೆ ಆ ಪತ್ರವನ್ನು ಡಾಕ್ಟರ ಅಭಿಪ್ರಾಯದ ಜೊತೆ ಲಕೋಟೆಯಲ್ಲಿ ಹಾಕಿ, ಸೀಲ್ ಮಾಡಿ, ಮೇಲೆ ‘ರಹಸ್ಯ’ ಅಂತ ಬರೆದು ಇಡಬೇಕು ಅಂತ ನಿಯಮ. ನಿಮ್ಮ ಹೆಸರು ಹೊರಗೆ ಬಿಟ್ಟರೆ ಡಾಕ್ಟರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಇಷ್ಟೆಲ್ಲ ಬರೆದಿಟ್ಟ ಕಾನೂನನ್ನು ಒಬ್ಬ ರಿಸೆಪ್ಷನಿಸ್ಟು ‘ಗಂಡನನ್ನು ಕರೆದುಕೊಂಡು ಬನ್ನಿ’ ಅನ್ನುವ ಒಂದು ಮಾತಿನಲ್ಲಿ ಅಳಿಸಿಹಾಕುತ್ತಾಳೆ. ನನಗೆ ಸಿಟ್ಟು ಬರುವುದು ಅಲ್ಲೇ.

ಈ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 2022ರಲ್ಲಿ ನಿಮ್ಮ ವಯಸ್ಸಿನವಳೇ ಆದ ಅವಿವಾಹಿತೆಯೊಬ್ಬಳಿಗೆ ದೆಹಲಿ ಹೈಕೋರ್ಟು ಅನುಮತಿ ಕೊಡಲಿಲ್ಲ. ಅವಳಿಗೆ ಇಪ್ಪತ್ತು ವಾರ ದಾಟಿತ್ತು. ಇಪ್ಪತ್ತರಿಂದ ಇಪ್ಪತ್ತನಾಲ್ಕು ವಾರದವರೆಗೆ ಗರ್ಭ ತೆಗೆಸಿಕೊಳ್ಳಬಹುದಾದವರ ಪಟ್ಟಿಯಲ್ಲಿ ಮದುವೆಯಾಗದವರ ಹೆಸರಿಲ್ಲ ಅನ್ನುವುದು ಕಾರಣ. ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಮದುವೆಯಾದವರು, ಆಗದವರು ಅಂತ ಭೇದ ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂದಿತು. ಪೀಠದಲ್ಲಿ ಡಿ. ವೈ. ಚಂದ್ರಚೂಡ್, ಜೆ. ಬಿ. ಪಾರ್ದಿವಾಲಾ ಜೊತೆ ಕರ್ನಾಟಕದವರೇ ಆದ ಎ. ಎಸ್. ಬೋಪಣ್ಣ ಇದ್ದರು. ಕಾನೂನಿನಲ್ಲಿ ಇಲ್ಲದ ಷರತ್ತುಗಳನ್ನು, ಅಂದರೆ ಮನೆಯವರ ಒಪ್ಪಿಗೆ, ಬೇರೆ ಬೇರೆ ಕಾಗದಪತ್ರ, ಇವನ್ನೆಲ್ಲ ಡಾಕ್ಟರು ಕೇಳಬಾರದು ಅಂತ ಆ ತೀರ್ಪಿನಲ್ಲೇ ಇದೆ. ಅದಕ್ಕೂ ಮೊದಲು, 2016ರಲ್ಲಿ, ಬೈಕಲಾ ಜೈಲಿನ ಹೆಣ್ಣು ಕೈದಿಗಳ ವಿಷಯವನ್ನು ನಮ್ಮ ಮುಂಬೈ ಹೈಕೋರ್ಟು ತಾನಾಗಿಯೇ ಕೈಗೆತ್ತಿಕೊಂಡಿತ್ತು. ಮದುವೆ ಆಗಿರಲಿ ಬಿಡಲಿ, ಈ ನಿರ್ಧಾರ ಹೆಣ್ಣಿನದು ಅಂತ ಆಗಲೇ ಹೇಳಿತ್ತು. ಜೈಲಿನಲ್ಲಿರುವವಳಿಗೆ ಇರುವ ಹಕ್ಕು ವಾಕಡ್‌ನ ಪಿಜಿಯಲ್ಲಿರುವ ನಿಮಗೆ ಇಲ್ಲವಾ?

ಅಂಗಡಿಯವರ ಮಾತಿಗೆ ಬರೋಣ. ಅವರು ಹೆದರುವುದಕ್ಕೆ ಒಂದು ಹಿನ್ನೆಲೆ ಇದೆ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಸಾವಿರ ಗಂಡು ಮಕ್ಕಳಿಗೆ 807 ಹೆಣ್ಣು ಮಕ್ಕಳು ಮಾತ್ರ ಅಂತ ಬಂತು. ಹೆಣ್ಣು ಭ್ರೂಣ ಹತ್ಯೆ ತಡೆಯಲು ಸರ್ಕಾರ ಹೊರಟಿತು, ಸರಿಯೇ. ಆದರೆ ಔಷಧ ಇಲಾಖೆಯ ತಪಾಸಣೆ ಈ ಮಾತ್ರೆಯ ಮೇಲೂ ಬಿತ್ತು. ಲೆಕ್ಕ ಕೇಳುತ್ತಾರೆ, ನೋಟಿಸ್ ಕೊಡುತ್ತಾರೆ ಅಂತ ಬಹಳ ಅಂಗಡಿಗಳು ಮಾತ್ರೆ ತರಿಸುವುದನ್ನೇ ಬಿಟ್ಟವು. ಸ್ವಲ್ಪ ಯೋಚಿಸಿ. ಸ್ಕ್ಯಾನಿಂಗ್‌ನಲ್ಲಿ ಗಂಡೋ ಹೆಣ್ಣೋ ಕಾಣುವುದು ಸುಮಾರು ಮೂರು ತಿಂಗಳು ಆದಮೇಲೆ. ಈ ಮಾತ್ರೆ ಕೊಡುವುದು ಒಂಬತ್ತು ವಾರದೊಳಗೆ. ಹೆಣ್ಣು ಭ್ರೂಣ ಹತ್ಯೆಯ ಪಾಪವನ್ನು ಈ ಮಾತ್ರೆಯ ತಲೆಗೆ ಕಟ್ಟಿದ್ದು ಅನ್ಯಾಯ, ಅದರ ಬೆಲೆ ಕೊಡುತ್ತಿರುವುದು ನಿಮ್ಮಂಥ ಹುಡುಗಿಯರು.

ಹಾಗಂತ ಚೀಟಿ ಇಲ್ಲದೆ ಅಂಗಡಿಯಲ್ಲಿ ಕೇಳಬೇಡಿ. ಇದು ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧ. ಗರ್ಭಪಾತಕ್ಕೆ ಸರ್ಕಾರದ ಮಾನ್ಯತೆ ಇರುವ ಆಸ್ಪತ್ರೆಗೆ ಹೋಗಿ, ಗೋಡೆಯ ಮೇಲೆ ಅದರ ಸರ್ಟಿಫಿಕೇಟ್ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಅವರೇ ಮಾತ್ರೆ ಕೊಡುತ್ತಾರೆ. ಒಂದು ಹಾಳೆಯಲ್ಲಿ ಐದು. ಒಂಟಿಯಾಗಿರುವುದು 200 ಮಿಲಿಗ್ರಾಂನ ಮಿಫೆಪ್ರಿಸ್ಟೋನ್, ಗರ್ಭ ಬೆಳೆಯಲು ಬೇಕಾದ ಹಾರ್ಮೋನನ್ನು ಅದು ತಡೆಯುತ್ತದೆ. ಉಳಿದ ನಾಲ್ಕು ಮಿಸೊಪ್ರೊಸ್ಟಾಲ್. ಒಂದೆರಡು ದಿನ ಬಿಟ್ಟು ಅವನ್ನು ತೆಗೆದುಕೊಂಡರೆ ಗರ್ಭಕೋಶ ಹಿಂಡಿ ಹೊರಗೆ ಹಾಕುತ್ತದೆ. ಡಾಕ್ಟರು ಮೊದಲು ಎಷ್ಟು ವಾರ ಆಗಿದೆ ಅಂತ ನೋಡುತ್ತಾರೆ, ಗರ್ಭ ನಾಳದಲ್ಲಿ ನಿಂತಿದೆಯಾ ಅಂತ ನೋಡುತ್ತಾರೆ. ನಾಳದಲ್ಲಿದ್ದರೆ ಈ ಮಾತ್ರೆ ಕೆಲಸ ಮಾಡುವುದಿಲ್ಲ, ಜೀವಕ್ಕೇ ಅಪಾಯ. ಎರಡು ವಾರದ ನಂತರದ ಪರೀಕ್ಷೆಗೆ ತಪ್ಪದೆ ಹೋಗಿ.

ಮತ್ತೆ ಯಾರಾದರೂ ಗಂಡನನ್ನು ಕರೆತನ್ನಿ ಅಂದರೆ, ‘ಯಾವ ನಿಯಮದಲ್ಲಿದೆ, ಬರೆದುಕೊಡಿ’ ಅನ್ನಿ. ಜೋರು ಮಾಡುವುದು ಬೇಡ, ಮೆಲ್ಲಗೆ ಹೇಳಿದರೂ ಸಾಕು. ಬರೆದುಕೊಡಲು ಅವರ ಹತ್ತಿರ ಏನೂ ಇಲ್ಲ.

ಪ್ರಶ್ನೆ: ನಾವು ಬಾಗಲಕೋಟಿ ಕಡೆಯವರ್ರೀ. ವಾಸ್ಕೋದಾಗ ಗೌಂಡಿ ಕೆಲಸ. ಮೂರು ಮಕ್ಕಳದಾವು. ನಾಲ್ಕನೇದು ಬ್ಯಾಡ ಅಂತ ಮನಿಯಾಕಿ ಯಾರದೋ ಕಡಿಂದ ಗುಳಿಗಿ ತರಿಸಿ ನುಂಗ್ಯಾಳ. ಎಂಟು ದಿನಾತು, ರಕ್ತ ನಿಂತಿಲ್ಲ, ನಿನ್ನಿಂದ ಜ್ವರ. ದವಾಖಾನಿಗೆ ಹೋದ್ರ ಪೊಲೀಸ್ರಿಗೆ ಹೇಳ್ತಾರೇನ್ರೀ?
ವಾಸ್ಕೋ

ಉತ್ತರ: ಅಣ್ಣಾ, ನೀವು ನಂಬರ್ ಬರೆದದ್ದು ಒಳ್ಳೆಯದಾಯಿತು. ಪತ್ರ ಓದಿದ ಕೂಡಲೇ ಫೋನ್ ಮಾಡಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಹೀಗಾದವರು ಯಾರೂ ಪತ್ರ ಬರೆದು ಉತ್ತರಕ್ಕೆ ಕಾಯಬೇಡಿ. ಗಂಟೆಗೆ ಎರಡು ಪ್ಯಾಡ್ ಪೂರ್ತಿ ತೊಯ್ದು ಅದು ಎರಡು ಗಂಟೆ ಹಾಗೇ ನಡೆದರೆ, ಜ್ವರ ಇಳಿಯದಿದ್ದರೆ, ಹೊಟ್ಟೆನೋವು ತಡೆಯಲಾಗದಿದ್ದರೆ, ಕೆಟ್ಟ ವಾಸನೆ ಬಂದರೆ ಆಗಲೇ 108ಕ್ಕೆ ಫೋನ್ ಮಾಡಿ. ವಾಸ್ಕೋದವರಿಗೆ ಚಿಕಾಲಿಂನಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ದೊಡ್ಡದು ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು.

ಪೊಲೀಸರ ಭಯ ನನಗೆ ಅರ್ಥ ಆಗುತ್ತದೆ. ಸುಳ್ಳು ಧೈರ್ಯ ಹೇಳುವುದಿಲ್ಲ. 1971ರ ಕಾನೂನಿನ ಹೊರಗೆ ಗರ್ಭ ತೆಗೆಸುವುದು ನಮ್ಮಲ್ಲಿ ಇವತ್ತಿಗೂ ಅಪರಾಧವೇ. ಹಳೆಯ ದಂಡ ಸಂಹಿತೆಯ 312ನೇ ಕಲಂ ಈಗ ನ್ಯಾಯ ಸಂಹಿತೆಯಲ್ಲಿ 88 ಆಗಿದೆ, ಮಾತು ಅದೇ, ಹೆಂಗಸನ್ನೂ ಸೇರಿಸಿ. ಬ್ರಿಟಿಷರ ಕಾಲದ ಈ ಕಲಂ ಹೋಗಬೇಕು ಅನ್ನುವವಳು ನಾನು. ದೇಶದಲ್ಲಿ 2015ರಲ್ಲಿ ಸುಮಾರು 1.56 ಕೋಟಿ ಗರ್ಭಪಾತ ಆಯಿತು, ಅದರಲ್ಲಿ ನೂರಕ್ಕೆ 73ರಷ್ಟು ಆಸ್ಪತ್ರೆಯ ಹೊರಗೆ ಮಾತ್ರೆಯಿಂದಲೇ ಆದದ್ದು ಅಂತ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿದೆ. ಅಷ್ಟೂ ಮನೆಗಳಲ್ಲಿ ನಿಮ್ಮಂಥ ಗಂಡ ಹೆಂಡತಿಯೇ ಇರುವುದು. ಅವರನ್ನು ಅಪರಾಧಿಗಳು ಅನ್ನುವ ಕಾನೂನಿಂದ ಯಾರಿಗೆ ಉಪಕಾರ?

ಆದರೆ ಚಿಕಿತ್ಸೆಯ ವಿಷಯದಲ್ಲಿ ಎರಡು ಮಾತಿಲ್ಲ. 1989ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ: ಜೀವ ಉಳಿಸುವುದು ಮೊದಲು, ಕಾಗದ ಆಮೇಲೆ. ಸರ್ಕಾರಿ ಡಾಕ್ಟರಾಗಲಿ ಖಾಸಗಿಯವರಾಗಲಿ, ಎಲ್ಲರಿಗೂ ಇದೇ ನಿಯಮ. ಡಾಕ್ಟರ ಹತ್ತಿರ ಏನನ್ನೂ ಮುಚ್ಚಿಡಬೇಡಿ. ಯಾವ ಗುಳಿಗೆ, ಯಾವ ದಿನ, ಎಷ್ಟು ನುಂಗಿದಳು, ಖಾಲಿ ಹಾಳೆ ಇದ್ದರೆ ಅದನ್ನೂ ತೋರಿಸಿ. ಒಳಗೆ ಚೂರು ಉಳಿದಿದ್ದರೆ ತೆಗೆಯುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ. ಕನ್ನಡ ಬರುವ ನರ್ಸ್ ಇದ್ದಾರಾ ಅಂತ ಕೇಳಿ ನೋಡಿ, ಗೋವಾದಲ್ಲಿ ಸಿಗುವುದು ಕಷ್ಟವಲ್ಲ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನು ಮೊದಲೇ ಹೇಳಿ. ಮನೆಯಾಕೆ ಚೇತರಿಸಿಕೊಂಡ ಮೇಲೆ ಇನ್ನು ಮಕ್ಕಳು ಬೇಡ ಅಂತ ಇಬ್ಬರಿಗೂ ಅನಿಸಿದರೆ ಅದೇ ಆಸ್ಪತ್ರೆಯಲ್ಲಿ ಕೇಳಿ. ಗಂಡಸರ ಆಪರೇಷನ್ ಹೆಂಗಸರದ್ದಕ್ಕಿಂತ ಸಣ್ಣದು, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು.